ಕೌದಿ ಹೊಲಿಯುವ ಕೈಗೆ ಜಪಾನಿನ ಸಾಶಿಕೊ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಟ್ಟೆ ಹೊಲಿಯುವುದೂ ಒಂದು ಗೌರವದ ಕಾಯಕವಾಗಿತ್ತೆಂಬುದಕ್ಕೆ ಶರಣ ಸೂಜಿಕಾಯಕದ ರಾಮಿತಂದೆಯ ಹೆಸರೇ ಸಾಕ್ಷಿಯಾಗಿದೆ. ಇಂದಿಗೂ ಬಸವಕಲ್ಯಾಣ, ಹುಮನಾಬಾದ್ ಭಾಗದ ಹಳ್ಳಿ ಹಾಗೂ ತಾಂಡಾಗಳಲ್ಲಿ ಸೂಜಿ ಹಿಡಿಯಬಲ್ಲ ಕೈಗಳಿಗೆ ಕೊರತೆಯಿಲ್ಲ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಸಾಲುಸಾಲಾಗಿ ಓಟದ ಹೊಲಿಗೆ ಹಾಕಿ ಕೌದಿ ಸಿದ್ಧಪಡಿಸುವುದು ಇಲ್ಲಿಯ ಮಹಿಳೆಯರಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಆದರೆ ಕೌದಿಯು ಬಹುಮಟ್ಟಿಗೆ ಮನೆಯ ಹಾಸಿಗೆಯಾಗಿಯೇ ಉಳಿಯಿತು, ಅಂಗಡಿಯ ಸರಕಾಗಲಿಲ್ಲ. ಇದೇ ಓಟದ ಹೊಲಿಗೆಯಿಂದ ಜಪಾನೀಯರು ದಿಂಬಿನ ಹೊದಿಕೆ, ಮೇಜುವಸ್ತ್ರ, ಕೈಚೀಲಗಳನ್ನು ಅಲಂಕರಿಸಿ ಜಗತ್ತಿನ ಮಾರುಕಟ್ಟೆಗೆ ತಂದಿದ್ದಾರೆ. ಈ ಕಸೂತಿಯ ಹೆಸರು ಸಾಶಿಕೊ. ‘ಸಣ್ಣ ಚುಚ್ಚುಗಳು’ ಎಂಬುದು ಆ ಪದದ ಅರ್ಥ.

ಸಾಶಿಕೊ ಹುಟ್ಟಿದ್ದೂ ಕೌದಿಯಂತೆ ಬಡತನದಲ್ಲಿಯೇ. ಉತ್ತರ ಜಪಾನಿನ ತ್ಸುಗಾರು ಪ್ರಾಂತ್ಯದ ರೈತರಿಗೆ 1724ರ ಆಜ್ಞೆಯಿಂದ ಹತ್ತಿಬಟ್ಟೆ ತೊಡುವುದು ನಿಷಿದ್ಧವಾಗಿತ್ತು. ಸೆಣಬಿನಂತಹ ನಾರುಬಟ್ಟೆಯ ಮೇಲೆ ಹತ್ತಿಯ ನೂಲಿನಿಂದ ಒತ್ತೊತ್ತಾಗಿ ಹೊಲಿದು ಅವರು ಚಳಿಯಿಂದ ಪಾರಾದರು. ಬೆಂಕಿ ಆರಿಸುವವರ ದಪ್ಪ ಅಂಗಿಗಳೂ ಇದೇ ಹೊಲಿಗೆಯವು. ತೇಪೆಯ ಹೊಲಿಗೆಯೇ ಕಾಲಕ್ರಮದಲ್ಲಿ ನೀಲಿ ಬಟ್ಟೆಯ ಮೇಲೆ ಬಿಳಿ ನೂಲಿನ ಅಲಂಕಾರವಾಯಿತು.

ಮಾರ್ಚ್ 2011ರ ಸುನಾಮಿಯಲ್ಲಿ ನಾಶವಾದ ಓತ್ಸುಚಿ ಪಟ್ಟಣದ ಉದಾಹರಣೆಯನ್ನು ಉದ್ಯಮಿಗಳು ಅವಶ್ಯವಾಗಿ ಗಮನಿಸಬೇಕು. ಮನೆಮಠ ಕಳೆದುಕೊಂಡು ನಿರಾಶ್ರಿತರ ಶಿಬಿರದಲ್ಲಿದ್ದ ಮಹಿಳೆಯರು ಅದೇ ವರ್ಷ ಸಾಶಿಕೊ ಹೊಲಿದು ಮಾರಲು ಆರಂಭಿಸಿದರು. ಸೂಜಿ, ನೂಲು, ತುಂಡು ಬಟ್ಟೆ ಇವಿಷ್ಟೇ ಬಂಡವಾಳ. ಯಂತ್ರವಿಲ್ಲ, ಕಟ್ಟಡವಿಲ್ಲ, ವಿದ್ಯುತ್ತಿನ ಅಗತ್ಯವೂ ಇಲ್ಲ.

ಹಾಗಾದರೆ ಕೌದಿ ಬಲ್ಲವರು ಇದನ್ನು ಕಲಿಯುವುದು ಸುಲಭವೆ? ಸೂಜಿ ಓಡಿಸುವುದು ಸುಲಭ; ಹಳೆಯ ಅಭ್ಯಾಸ ಬಿಡುವುದು ಕಷ್ಟ. ಕೌದಿಯಲ್ಲಿ ಅಳತೆ ಕಣ್ಣಂದಾಜಿನದು. ಪದರಗಳು ಹಿಡಿದು ನಿಲ್ಲಲೆಂದು ದಾರವನ್ನು ಬಿಗಿಯಾಗಿ ಜಗ್ಗುತ್ತಾರೆ. ಅದರಿಂದ ಬರುವ ಸುಕ್ಕು ಕೌದಿಗೆ ಶೋಭೆ. ಸಾಶಿಕೊದಲ್ಲಿ ಅದೇ ಸುಕ್ಕು ದೋಷ. ಬಟ್ಟೆಯನ್ನು ಮೊದಲು ತೊಳೆದು ಕುಗ್ಗಿಸಿ, ಇಸ್ತ್ರಿ ಮಾಡಿ, ಅಳತೆಪಟ್ಟಿಯಿಂದ ಗೆರೆಗಳನ್ನು ಎಳೆದುಕೊಳ್ಳಬೇಕು. ಉದ್ದನೆಯ ಸೂಜಿಯನ್ನು ಸ್ಥಿರವಾಗಿ ಹಿಡಿದು, ಬಟ್ಟೆಯನ್ನೇ ಮಡಿಕೆ ಮಡಿಕೆಯಾಗಿ ಅದರ ಮೇಲೆ ಏರಿಸಿ, ಹಲವು ಹೊಲಿಗೆಗಳನ್ನು ಒಮ್ಮೆಲೇ ತೆಗೆಯಬೇಕು. ಬಳಿಕ ಬೆರಳಿನಿಂದ ಹೊಲಿಗೆಯನ್ನು ಸವರಿ ಸುಕ್ಕು ಬಿಡಿಸಬೇಕು. ನಮ್ಮ ದರ್ಜಿಗಳ ಅಂಗುಸ್ತಾನ ಬೆರಳ ತುದಿಗಾದರೆ, ಇದರದು ನಡುಬೆರಳ ಬುಡಕ್ಕೆ ಉಂಗುರದಂತೆ ತೊಡುವಂಥದು. ಸೂಜಿಯ ಹಿಂಭಾಗವನ್ನು ಅಂಗೈಯಿಂದ ನೂಕಲು ಅನುಕೂಲ.

ಮೇಲ್ಭಾಗದ ಹೊಲಿಗೆ ಮೂರು ಪಾಲಾದರೆ ಕೆಳಭಾಗದ್ದು ಎರಡು ಪಾಲಿರಬೇಕು. ಮೂಲೆ ಬಂದಲ್ಲಿ ಸೂಜಿ ಸರಿಯಾಗಿ ಮೂಲೆಯಲ್ಲಿಯೇ ಇಳಿಯಬೇಕು. ಗೆರೆಗಳು ಕೂಡುವಲ್ಲಿ ನೂಲಿನ ಮೇಲೆ ನೂಲು ಹಾಯದೆ ನಡುವೆ ಸಣ್ಣ ತೆರಪು ಉಳಿಯಬೇಕು. ಸಾಲು ಬದಲಿಸುವಾಗ ಹಿಂಬದಿಯಲ್ಲಿ ನೂಲು ತುಸು ಸಡಿಲವಿರಬೇಕು, ಇಲ್ಲವಾದರೆ ತೊಳೆದ ಮೇಲೆ ಬಟ್ಟೆ ಜಗ್ಗುತ್ತದೆ. ಸಾಂಪ್ರದಾಯಿಕ ಕ್ರಮದಲ್ಲಿ ಗಂಟಿಲ್ಲ. ಹಿಂದಿನ ಕೆಲವು ಹೊಲಿಗೆಗಳ ಮೇಲೆಯೇ ಮರಳಿ ಹೊಲಿದು ತುದಿಯನ್ನು ಮುಗಿಸುತ್ತಾರೆ. ಕಲಿಯುವವರು ಮೊದಲು ಚೌಕಳಿ ಸಾಧಿಸಿ, ಅನಂತರ ಸೆಣಬಿನ ಎಲೆಯ ನಕ್ಷತ್ರ, ಕಡಲಲೆಯ ಕಮಾನು ಮೊದಲಾದ ವಿನ್ಯಾಸಗಳಿಗೆ ಹೋಗುವುದು ಲೇಸು.

ನೂಲಿನಲ್ಲಿ ಜಿಪುಣತನ ಸಲ್ಲದು. ಆರು ಎಳೆಯ ಸಾಮಾನ್ಯ ಕಸೂತಿ ದಾರ ಬಟ್ಟೆಯ ಮೇಲೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಸಾಶಿಕೊಗೆ ಬೇಕಾದುದು ಎಳೆ ಬಿಡಿಸದ, ಹುರಿಯುಳ್ಳ, ಹೊಳಪಿಲ್ಲದ ಹತ್ತಿಯ ನೂಲು. ಜಪಾನಿನಿಂದ ತರಿಸುವುದು ದುಬಾರಿಯಾದರೆ ಪರ್ಲ್ ಕಾಟನ್ ನೂಲಿನಲ್ಲಿ ಅಭ್ಯಾಸ ನಡೆಸಬಹುದು. ಅದರ ಹೊಳಪು ಮಾತ್ರ ತುಸು ಹೆಚ್ಚು.

ಇನ್ನು ವ್ಯಾಪಾರದ ಲೆಕ್ಕ. 16 ಅಂಗುಲ ಚೌಕದ ಒಂದು ದಿಂಬಿನ ಹೊದಿಕೆಗೆ ಅರ್ಧ ಅಂಗುಲಕ್ಕೊಂದರಂತೆ ಉದ್ದಕ್ಕೂ ಅಡ್ಡಕ್ಕೂ ಗೆರೆ ಹಾಕಿದರೆ 62 ಗೆರೆಗಳಾಗುತ್ತವೆ. ಒಟ್ಟು ಹೊಲಿಗೆಯ ಉದ್ದ ಸುಮಾರು 25 ಮೀಟರು. 20 ಮೀಟರಿನ ಒಂದೂವರೆ ಲಡಿ ನೂಲು ಬೇಕು. ಅಂಗುಲಕ್ಕೆ 5 ಹೊಲಿಗೆಯಂತೆ ಸುಮಾರು 5,000 ಹೊಲಿಗೆಗಳು. ನಿಮಿಷಕ್ಕೆ 20 ಹೊಲಿಗೆಯ ವೇಗ ಹಿಡಿದರೂ ನಾಲ್ಕು ಗಂಟೆಗೆ ಮಿಕ್ಕುತ್ತದೆ. ಗೆರೆ ಹಾಕುವುದು, ತೊಳೆಯುವುದು, ಇಸ್ತ್ರಿ ಸೇರಿದರೆ ಐದು ಗಂಟೆಯೆನ್ನಿ. ಅಂದರೆ ಎಂಟು ಗಂಟೆಯ ದಿನಗೂಲಿಯ ಅರ್ಧಕ್ಕಿಂತ ಹೆಚ್ಚು ಭಾಗ ಒಂದೇ ಹೊದಿಕೆಗೆ ತಗಲುತ್ತದೆ. ‘ನಗಕ್ಕೆ ಇಷ್ಟು’ ಎಂದು ಮೊದಲೇ ಬೆಲೆ ಕಟ್ಟಿ, ಗಂಟೆಯ ಲೆಕ್ಕವನ್ನು ಮರೆತರೆ ಎರಡನೆಯ ಬೇಡಿಕೆಗೆ ಹೊಲಿಯುವವರು ಸಿಗುವುದಿಲ್ಲ. ಸಾಶಿಕೊದಂತೆ ಕಾಣುವ ಮುದ್ರಿತ ಬಟ್ಟೆಯೂ ಇದೆ, ಅಂಥ ಹೊಲಿಗೆ ಹಾಕುವ ಯಂತ್ರವೂ ಇದೆ. ಅಗ್ಗದ ಬೆಲೆಯಲ್ಲಿ ಅವುಗಳೊಡನೆ ಸ್ಪರ್ಧಿಸುವುದು ವ್ಯರ್ಥ. ಕೈಹೊಲಿಗೆಗೆ ಬೆಲೆ ಕೊಡುವ ಗ್ರಾಹಕ ಸಿಗುವ ತನಕ ದೊಡ್ಡ ದಾಸ್ತಾನು ಮಾಡದಿರುವುದೇ ಕ್ಷೇಮವೆಂದು ಈ ಲೇಖಕನ ಅಭಿಪ್ರಾಯ.

ಹೆಸರಿನ ವಿಷಯದಲ್ಲಿಯೂ ಎಚ್ಚರ ಅಗತ್ಯ. ಇಲ್ಲಿ ತಯಾರಾದುದನ್ನು ‘ಸಾಶಿಕೊ ಶೈಲಿಯ ಕೈಹೊಲಿಗೆ’ ಎನ್ನಬಹುದು. ಜಪಾನಿನ ಸರಕೆಂದು ತೋರಿಸುವಂತಿಲ್ಲ. ತಾಂಡಾದ ಮಹಿಳೆಯರು ಕನ್ನಡಿ, ಕವಡೆ ಸೇರಿಸಿ ಹೊಲಿದುದನ್ನು ‘ಸಂಡೂರು ಲಂಬಾಣಿ ಕಸೂತಿ’ ಎಂದು ಮಾರುವಂತೆಯೂ ಇಲ್ಲ. ಆ ಹೆಸರು 2010ರಲ್ಲಿ ಭೌಗೋಳಿಕ ಸೂಚಕವಾಗಿ ನೋಂದಣಿಯಾಗಿದ್ದು, ಬಳ್ಳಾರಿ ಜಿಲ್ಲೆಯ ಸಂಡೂರಿಗೆ ಸೇರಿದೆ. ನಮ್ಮ ಜಿಲ್ಲೆಯ ಬಿದರಿ ಕಲೆಗೂ ಅಂತಹುದೇ ರಕ್ಷಣೆಯಿದೆ. ಇತರರು ಅದನ್ನು ಉಲ್ಲಂಘಿಸಿದರೆ ನಾವು ಸುಮ್ಮನಿರಲಾರೆವು.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಗಳ ಹೆಸರಿದೆ, ಕಸೂತಿಯವರದಿಲ್ಲ. ಕಸೂತಿಯವರು ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯ ‘ಪೆಹಚಾನ್’ ಗುರುತಿನ ಚೀಟಿಗೆ ಅರ್ಜಿ ಹಾಕಿಕೊಳ್ಳುವುದು ಸೂಕ್ತ. ಕೆಲಸ ಕೊಡುವ ವರ್ತಕರೇ ಅರ್ಜಿ ತುಂಬಲು ನೆರವಾದರೆ ಉತ್ತಮ.

ಆಸಕ್ತ ವರ್ತಕರು ಮೊದಲಿಗೆ ಐದಾರು ಮಂದಿ ಕೌದಿ ಹೊಲಿಯುವವರಿಗೆ ಬಟ್ಟೆ, ನೂಲು, ಗೆರೆ ಹಾಕಿದ ಮಾದರಿಗಳನ್ನು ತಾವೇ ಒದಗಿಸಿ, ಕಲಿಕೆಯ ದಿನಗಳಿಗೂ ಕೂಲಿ ಕೊಟ್ಟು ಒಂದು ತಿಂಗಳು ನೋಡಲಿ. ಸಿದ್ಧವಾದ ಪ್ರತಿ ಹೊದಿಕೆಯನ್ನು ಎರಡು ಸಲ ತೊಳೆದು, ಬಣ್ಣ ಬಿಟ್ಟಿತೇ, ಮೂಲೆ ಜಗ್ಗಿತೇ ಎಂದು ಪರೀಕ್ಷಿಸಿದ ಬಳಿಕವೇ ಮಾದರಿಗಳನ್ನು ಹೈದರಾಬಾದ್, ಪುಣೆಗಳ ಖರೀದಿದಾರರಿಗೆ ಕಳುಹಿಸುವುದು ಒಳಿತು.