ಹೆಸರು ಹೋಯಿತು, ಕೈಗುಣ ಉಳಿಯಿತೆ? ಧ್ರುವ ಸ್ಟುಡಿಯೋ ಎತ್ತುವ ಪ್ರಶ್ನೆ

ಕೊಡಗಿನ ಹಾರಂಗಿ ನದಿ ಕುಶಾಲನಗರ ಸಮೀಪದ ಕೂಡಿಗೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಹರಿಯುವ ನೀರಿನಲ್ಲಿ ಹಾರಂಗಿಯ ಪಾಲು ಇದ್ದೇ ಇರುತ್ತದೆ. ಹೆಸರು ಮಾತ್ರ ಕಾವೇರಿಯದು. ಬೆಂಗಳೂರಿನ ವಿಡಿಯೋ ಗೇಮ್ ಉದ್ಯಮದಲ್ಲಿ 2019ರಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ. ದೇಶದ ಮೊಟ್ಟಮೊದಲ ಗೇಮ್ ಸ್ಟುಡಿಯೋಗಳಲ್ಲಿ ಒಂದಾದ ಧ್ರುವ ಇಂಟರ್‌ಆ್ಯಕ್ಟಿವ್, ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಸಂಸ್ಥೆಯ ಬೆಂಗಳೂರು ಘಟಕದಲ್ಲಿ ವಿಲೀನವಾಯಿತು. 300ಕ್ಕೂ ಹೆಚ್ಚು ಮಂದಿಯ ತಂಡ ಹೊಸ ಮನೆ ಸೇರಿತು. 22 ವರ್ಷ ಬಳಕೆಯಲ್ಲಿದ್ದ ಹೆಸರು ಅಲ್ಲಿಗೆ ನಿಂತಿತು.

ಗೇಮ್ ಪ್ರಿಯರ ನಡುವೆ ಸದಾ ಕೇಳಿಬರುವ ಚರ್ಚೆ ಇದಕ್ಕೆ ತದ್ವಿರುದ್ಧವಾದದ್ದು. ಸ್ಟುಡಿಯೋದ ನಾಮಫಲಕ ಹಾಗೆಯೇ ಇರುತ್ತದೆ, ಅದನ್ನು ಕಟ್ಟಿದ ಹಿರಿಯರು ಹೊರನಡೆದಿರುತ್ತಾರೆ. ಆಗಲೂ ಅದನ್ನು ಅದೇ ಸ್ಟುಡಿಯೋ ಎನ್ನಬಹುದೆ? ಜನ ಉಳಿದು ಹೆಸರು ಹೋದ ಧ್ರುವದ ಪ್ರಕರಣವನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಪ್ರಶ್ನೆಗೆ ಉತ್ತರ ಹುಡುಕುವುದು ಸ್ವಲ್ಪ ಸುಲಭವಾಗುತ್ತದೆ.

ರಾಜೇಶ್ ರಾವ್ ಅವರು ಧ್ರುವವನ್ನು ಆರಂಭಿಸಿದ್ದು 1997ರಲ್ಲಿ. ಆಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂದರೆ ಬ್ಯಾಂಕು, ವಿಮಾ ಕಂಪನಿಗಳ ಲೆಕ್ಕಪತ್ರ ಎಂಬ ಕಲ್ಪನೆಯಿತ್ತು. ಗೇಮ್ ತಯಾರಿಕೆಯನ್ನು ಹೇಳಿಕೊಡುವ ಕಾಲೇಜು ಇರಲಿಲ್ಲ, ಅನುಭವಸ್ಥರೂ ಇರಲಿಲ್ಲ. ಫ್ರಾನ್ಸಿನ ಇನ್ಫೋಗ್ರಾಮ್ಸ್ ಸಂಸ್ಥೆಗಾಗಿ ‘ಮಿಷನ್ ಇಂಪಾಸಿಬಲ್’ ಆಟದ ಪಿಸಿ ರೂಪದ ಕೆಲಸ ಕೈಗೆತ್ತಿಕೊಂಡ ತಂಡ, ಕೆಲಸ ಮಾಡುತ್ತಲೇ ಕೆಲಸ ಕಲಿಯಿತು. ಮೊಬೈಲ್ ಆಟಗಳಿಗಾಗಿ ಚಾರ್ಲಿ ಚಾಪ್ಲಿನ್ ಚಿತ್ರದ ಹಕ್ಕು ಪಡೆದ ಸಾಹಸವೂ ಧ್ರುವದ್ದೇ. ಅಮೆರಿಕದ ಪತ್ರಕರ್ತ ಥಾಮಸ್ ಫ್ರೀಡ್‌ಮನ್ 2005ರಲ್ಲಿ ಪ್ರಕಟಿಸಿದ ‘ದಿ ವರ್ಲ್ಡ್ ಈಸ್ ಫ್ಲಾಟ್’ ಪುಸ್ತಕದಲ್ಲಿ ರಾಜೇಶ್ ರಾವ್ ಮತ್ತು ಧ್ರುವದ ಕಥೆಗೆ ಜಾಗ ದೊರೆತಿದೆ.

ಆದರೆ ಸ್ಟುಡಿಯೋದ ಅನ್ನ ಹುಟ್ಟಿದ್ದು ಮುಖ್ಯವಾಗಿ ಬೇರೆಯವರ ಆಟಗಳಿಗೆ ಚಿತ್ರಕಲೆ ಒದಗಿಸುವ ಕೆಲಸದಿಂದ. ಕಾರು ಓಟದ ‘ಫೋರ್ಜಾ’ ಸರಣಿ, ಕಡಲ್ಗಳ್ಳರ ‘ಸೀ ಆಫ್ ಥೀವ್ಸ್’, ‘ಡೇಸ್ ಗಾನ್’ ಮುಂತಾದ ಹೆಸರಾಂತ ಆಟಗಳಲ್ಲಿ ಧ್ರುವದ ಕಲಾವಿದರ ದುಡಿಮೆಯಿದೆ. ಆಡುವವರಿಗೆ ಈ ಸಂಗತಿ ತಿಳಿದಿರುವುದು ಅಪರೂಪ.

ಕಣ್ಣಿನಿಂದ ಕಣ್ಣಿಗೆ ದಾಟುವ ವಿದ್ಯೆ

ಹಿರಿಯರು ಹೋದಾಗ ಹೋಗುವುದಾದರೂ ಏನು? ಆಟದಲ್ಲಿ ಬರುವ ಒಂದು ಕಾರನ್ನೇ ತೆಗೆದುಕೊಳ್ಳೋಣ. ಮೊದಲು ನೈಜ ಕಾರಿನ ನೂರಾರು ಛಾಯಾಚಿತ್ರ ಮತ್ತು ಅಳತೆಗಳನ್ನು ಸಂಗ್ರಹಿಸಲಾಗುತ್ತದೆ. ಅವುಗಳನ್ನು ಆಧರಿಸಿ ಕಲಾವಿದರು ಕಂಪ್ಯೂಟರ್‌ನಲ್ಲಿ ಸಣ್ಣ ಸಣ್ಣ ತ್ರಿಕೋನಗಳನ್ನು ಜೋಡಿಸಿ ಮೂರು ಆಯಾಮದ ಮಾದರಿ ಕಟ್ಟುತ್ತಾರೆ. ಅದರ ಮೇಲೆ ಬಣ್ಣ, ಗಾಜು, ಚರ್ಮ, ರಬ್ಬರ್‌ಗಳ ಹೊದಿಕೆ ಬರುತ್ತದೆ. ತ್ರಿಕೋನಗಳು ಹೆಚ್ಚಾದರೆ ಯಂತ್ರ ತಿಣುಕಾಡುತ್ತದೆ, ಕಡಿಮೆಯಾದರೆ ಚಕ್ರ ದುಂಡಗೆ ಕಾಣಿಸದು. ಎಲ್ಲಿ ಉಳಿಸಬೇಕು, ಎಲ್ಲಿ ಖರ್ಚು ಮಾಡಬೇಕು ಎಂಬುದಕ್ಕೆ ಲಿಖಿತ ನಿಯಮಗಳಿರುತ್ತವೆ. ಆದರೂ ಕಡೆಯ ಮಾತು ‘ಲೀಡ್’ ಎನಿಸಿಕೊಂಡ ಹಿರಿಯ ಕಲಾವಿದರದು. ಬೆಳಕು ಬಾಗಿಲಿನ ಮೇಲೆ ಬೀಳುವ ರೀತಿ ಸರಿಯಿಲ್ಲ, ಮತ್ತೆ ಮಾಡಿ ಎಂದು ಅವರು ಹಿಂದಿರುಗಿಸುತ್ತಾರೆ. ಏಕೆ ಸರಿಯಿಲ್ಲ ಎಂಬುದನ್ನು ಎಷ್ಟೋ ಬಾರಿ ಅವರಿಗೂ ಮಾತಿನಲ್ಲಿ ಹೇಳಲಾಗದು. ಹತ್ತು ಬಾರಿ ತಿದ್ದಿಸಿಕೊಂಡ ಕಿರಿಯನಿಗೆ ಹನ್ನೊಂದನೆಯ ಬಾರಿ ಆ ಕಣ್ಣು ತಾನಾಗಿಯೇ ಬರುತ್ತದೆ.

ಯಕ್ಷಗಾನ ಬಲ್ಲವರಿಗೆ ಇದು ಹೊಸ ಮಾತಲ್ಲ. ತಿರುಗಾಟ ಮುಗಿದ ಮೇಲೆ ಕಲಾವಿದರು ಮೇಳದಿಂದ ಮೇಳಕ್ಕೆ ಹೋಗುವುದುಂಟು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಶಂಭು ಹೆಗಡೆಯವರ ಕೈಗೆ, 2009ರಲ್ಲಿ ಅವರು ತೀರಿಕೊಂಡ ಮೇಲೆ ಶಿವಾನಂದ ಹೆಗಡೆಯವರ ಕೈಗೆ ಬಂತು. ರಂಗದ ಮೇಲಿನ ಮುಖಗಳು ಬದಲಾದರೂ ಮೇಳ ಅದೇ ಎಂದು ಪ್ರೇಕ್ಷಕ ಒಪ್ಪುವುದು ಹೆಸರೊಂದನ್ನೇ ನೋಡಿ ಅಲ್ಲ. ಹೆಜ್ಜೆ, ಅಭಿನಯಗಳನ್ನು ಮುಂದಿನವರು ಹಿಂದಿನವರ ಎದುರು ನಿಂತು ಕಲಿತಿದ್ದಾರೆ ಎಂಬುದಕ್ಕಾಗಿ. ಗೇಮ್ ಸ್ಟುಡಿಯೋಗೆ ಇರುವ ತೊಂದರೆಯೆಂದರೆ ಇಂತಹ ಕಲಿಕೆಗೆ ಅಲ್ಲಿ ಮೂರು ತಲೆಮಾರಿನ ಕಾಲಾವಕಾಶ ಸಿಗುವುದಿಲ್ಲ. ಹಿರಿಯರು ಒಬ್ಬೊಬ್ಬರಾಗಿ, ಹತ್ತು ವರ್ಷಗಳಲ್ಲಿ ನಿರ್ಗಮಿಸಿದರೆ ವಿದ್ಯೆ ದಾಟುತ್ತದೆ. ಒಂದೇ ತಿಂಗಳಲ್ಲಿ ಗುಂಪಾಗಿ ಹೊರಟರೆ ದಾಟುವುದಿಲ್ಲ.

ಗುಂಪಾಗಿ ಹೊರಟ ಪ್ರಕರಣಗಳು ವಿದೇಶದಲ್ಲಿ ಬೇಕಾದಷ್ಟಿವೆ. ‘ಕಾಲ್ ಆಫ್ ಡ್ಯೂಟಿ’ ಖ್ಯಾತಿಯ ಇನ್ಫಿನಿಟಿ ವಾರ್ಡ್ ಸ್ಟುಡಿಯೋದ ಮುಖ್ಯಸ್ಥರಾದ ಜೇಸನ್ ವೆಸ್ಟ್ ಮತ್ತು ವಿನ್ಸ್ ಜಾಂಪೆಲ್ಲಾ ಅವರನ್ನು ಮಾಲೀಕ ಸಂಸ್ಥೆ ಆ್ಯಕ್ಟಿವಿಷನ್ 2010ರ ಮಾರ್ಚ್‌ನಲ್ಲಿ ವಜಾ ಮಾಡಿತು. ಹತ್ತಾರು ಸಹೋದ್ಯೋಗಿಗಳು ಅವರ ಹಿಂದೆಯೇ ಹೊರಟು ರೆಸ್ಪಾನ್ ಎಂಬ ಹೊಸ ಸ್ಟುಡಿಯೋ ಕಟ್ಟಿದರು. ಮರುವರ್ಷವೇ ಬರಬೇಕಿದ್ದ ಸರಣಿಯ ಮುಂದಿನ ಆಟವನ್ನು ಮುಗಿಸಲು ಇನ್ಫಿನಿಟಿ ವಾರ್ಡ್ ಮತ್ತೊಂದು ಸ್ಟುಡಿಯೋದ ನೆರವು ಪಡೆಯಬೇಕಾಯಿತು. ಆಟ ಭರ್ಜರಿಯಾಗಿಯೇ ಮಾರಾಟವಾಯಿತು ಎಂಬುದು ಬೇರೆ ಮಾತು. ಅಂಗಡಿಯಲ್ಲಿ ಹಣ ಕೊಡುವವನು ನೋಡುವುದು ಆಟದ ಹೆಸರನ್ನು, ಸ್ಟುಡಿಯೋದ ಹಾಜರಿ ಪುಸ್ತಕವನ್ನಲ್ಲ.

ನುಂಗಿದ ಸಂಸ್ಥೆಗೂ ಅದೇ ಪ್ರಶ್ನೆ

ಕುತೂಹಲದ ಸಂಗತಿಯೆಂದರೆ, ಧ್ರುವವನ್ನು ತನ್ನೊಳಗೆ ಸೇರಿಸಿಕೊಂಡ ರಾಕ್‌ಸ್ಟಾರ್‌ಗೂ ಇದೇ ಪ್ರಶ್ನೆ ಕಾಡುತ್ತಿದೆ. ಅದರ ‘ಗ್ರ್ಯಾಂಡ್ ಥೆಫ್ಟ್ ಆಟೋ’ ಸರಣಿಯ ಮೊದಲ ಆಟ ಹೊರಬಂದದ್ದು ಧ್ರುವ ಹುಟ್ಟಿದ 1997ರಲ್ಲೇ. ಅದನ್ನು ತಯಾರಿಸಿದ್ದು ಸ್ಕಾಟ್ಲೆಂಡಿನ ಡಿಎಂಎ ಡಿಸೈನ್ ಎಂಬ ಸ್ಟುಡಿಯೋ. ಸ್ಥಾಪಕ ಡೇವಿಡ್ ಜೋನ್ಸ್ ಹೊರನಡೆದರು. 2002ರಲ್ಲಿ ಹೆಸರೂ ಬದಲಾಗಿ ರಾಕ್‌ಸ್ಟಾರ್ ನಾರ್ತ್ ಎಂದಾಯಿತು. ಜನರೂ ಹೋದರು, ಹೆಸರೂ ಹೋಯಿತು. ಆದರೂ 2013ರಲ್ಲಿ ಬಂದ ಸರಣಿಯ ಐದನೆಯ ಆಟ 20 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ.

ಅನಂತರ ಮತ್ತೆರಡು ದೊಡ್ಡ ನಿರ್ಗಮನಗಳಾದವು. ಸರಣಿಯ ನಿರ್ಮಾಪಕ ಲೆಸ್ಲಿ ಬೆಂಜೀಸ್ ಅವರು ಸಂಸ್ಥೆ ತೊರೆದಿರುವುದು 2016ರಲ್ಲಿ ಬಹಿರಂಗವಾಯಿತು. ಕಥೆ, ಸಂಭಾಷಣೆಗಳ ಹಿಂದಿದ್ದ ಸಹ ಸ್ಥಾಪಕ ಡ್ಯಾನ್ ಹೌಸರ್ 2020ರ ಮಾರ್ಚ್‌ನಲ್ಲಿ ಹೊರನಡೆದರು. ಬೆಂಜೀಸ್ ಕಟ್ಟಿದ ಹೊಸ ಸ್ಟುಡಿಯೋದ ‘ಮೈಂಡ್ಸ್‌ಐ’ 2025ರ ಜೂನ್‌ನಲ್ಲಿ ಬಿಡುಗಡೆಯಾದಾಗ ತಾಂತ್ರಿಕ ದೋಷಗಳಿಂದ ತುಂಬಿದೆ ಎಂಬ ಕಟು ವಿಮರ್ಶೆಗೆ ಗುರಿಯಾಯಿತು. ಹಿರಿಯರು ಹೋದರೆ ಹಳೆಯ ಮನೆ ಬರಿದಾಗುತ್ತದೆ ಎಂಬ ಮಾತು ನಿಜವಿರಬಹುದು. ಅವರು ಹೋದಲ್ಲಿ ಹಳೆಯ ಮನೆ ತಾನಾಗಿ ಎದ್ದು ನಿಲ್ಲುತ್ತದೆ ಎಂಬುದು ಮಾತ್ರ ನಿಜವಲ್ಲ. ದೊಡ್ಡ ಆಟಕ್ಕೆ ಸಾವಿರ ಕೈಗಳು, ಹಲವು ವರ್ಷಗಳ ಉಪಕರಣಗಳು, ಪರಸ್ಪರರ ಪರಿಚಯ ಬೇಕಾಗುತ್ತದೆ. ಅವುಗಳನ್ನು ಜೇಬಿನಲ್ಲಿಟ್ಟುಕೊಂಡು ಯಾರೂ ಹೊರಡಲಾರರು.

ಹಾಗಿದ್ದರೆ ಡಿಎಂಎಯ ಗುರುತು ಉಳಿದಂತೆ ಧ್ರುವದ ಗುರುತು ಏಕೆ ಉಳಿಯಲಿಲ್ಲ? ಉತ್ತರ ಇರುವುದು ಒಡೆತನದಲ್ಲಿ. ಸ್ಕಾಟ್ಲೆಂಡಿನ ತಂಡದ ಬೆನ್ನಿಗೆ ಜನ ಗುರುತಿಸುವ ಒಂದು ಆಟವಿತ್ತು. ನಾಮಫಲಕ ಬದಲಾದರೂ ಆಟ ತಂಡದ ಕೈಯಲ್ಲೇ ಉಳಿಯಿತು. ಧ್ರುವ ಎರಡು ದಶಕ ದುಡಿದರೂ ದುಡಿಮೆಯ ಬಹುಪಾಲು ಪರರ ಆಟಗಳಲ್ಲಿ ಕರಗಿತು. ಉದ್ಯಮದೊಳಗಿನವರಿಗೆ ಅದರ ಕೈಗುಣ ಗೊತ್ತಿತ್ತು, ಆದ್ದರಿಂದಲೇ ಖರೀದಿದಾರರು ಬಂದರು. ಹೊರಗಿನವರಿಗೆ ಕಳೆದುಕೊಂಡೆವು ಎನಿಸುವಂಥದ್ದು ಏನೂ ಇರಲಿಲ್ಲ.

ಮಾರಾಟದ ವಿವರಗಳೂ ಇದನ್ನೇ ಹೇಳುತ್ತವೆ. ಸ್ವೀಡನ್ನಿನ ಸ್ಟಾರ್‌ಬ್ರೀಜ್ ಸಂಸ್ಥೆ ಧ್ರುವದ ಶೇ 90ರಷ್ಟು ಪಾಲನ್ನು ಖರೀದಿಸುವುದಾಗಿ 2016ರ ಡಿಸೆಂಬರ್‌ನಲ್ಲಿ ಪ್ರಕಟಿಸಿತ್ತು. ಎರಡೇ ವರ್ಷಗಳಲ್ಲಿ, ‘ಓವರ್‌ಕಿಲ್ಸ್ ದಿ ವಾಕಿಂಗ್ ಡೆಡ್’ ಎಂಬ ಅದರ ಆಟ ನೆಲಕಚ್ಚಿ, ಸಂಸ್ಥೆ ಸಾಲಗಾರರಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೊರೆಹೋಯಿತು. ಹಣ ಹೊಂದಿಸಲು 2019ರ ಮೇ ತಿಂಗಳಲ್ಲಿ ಧ್ರುವದ ತನ್ನ ಪಾಲನ್ನು 79 ಲಕ್ಷ ಡಾಲರ್‌ಗೆ ರಾಕ್‌ಸ್ಟಾರ್‌ಗೆ ಮಾರಿತು. ಬೆಂಗಳೂರಿನ ಕಲಾವಿದರು ಮಾಡಿದ ತಪ್ಪು ಇದರಲ್ಲಿ ಏನೂ ಇಲ್ಲ. ಸ್ಟಾಕ್‌ಹೋಮ್‌ನ ಲೆಕ್ಕ ತಪ್ಪಿತು, ಬೆಂಗಳೂರಿನ ಫಲಕ ಕೆಳಗಿಳಿಯಿತು.

ಇನ್ನೂ ಕಠೋರವಾದ ಉದಾಹರಣೆ 2025ರ ಫೆಬ್ರುವರಿಯಲ್ಲಿ ಕಂಡಿತು. ಅನಿಮೇಷನ್, ಸಿನಿಮಾ ದೃಶ್ಯ ಪರಿಣಾಮ ಹಾಗೂ ಗೇಮ್‌ಗಳ ಕೆಲಸ ಮಾಡುತ್ತಿದ್ದ ಟೆಕ್ನಿಕಲರ್ ಸಮೂಹ ವಿದೇಶದಲ್ಲಿ ಕುಸಿದುಬಿದ್ದಾಗ ಬೆಂಗಳೂರಿನಲ್ಲಿ ಅದನ್ನೇ ನಂಬಿದ್ದ ದೊಡ್ಡ ಸಂಖ್ಯೆಯ ಉದ್ಯೋಗಿಗಳು ದಿನಬೆಳಗಾಗುವುದರೊಳಗೆ ಅತಂತ್ರರಾದರು. ಅಲ್ಲಿ ಹೆಸರು ಮತ್ತು ಜನ ಎರಡೂ ಉಳಿಯಲಿಲ್ಲ. ವರ್ಷಗಟ್ಟಲೆ ಒಟ್ಟಿಗೆ ಕುಳಿತು ಪಳಗಿದ ತಂಡಗಳು ಚದುರಿದವು.

ಹೊರಟ ಹಿರಿಯರಿಂದ ಹೊಸದು ಹುಟ್ಟಿದ ನಿದರ್ಶನವೂ ಇದೇ ನಗರದಲ್ಲಿದೆ. ‘ಫಾರ್ಮ್‌ವಿಲ್’ ಖ್ಯಾತಿಯ ಝಿಂಗಾ ಸಂಸ್ಥೆ 2010ರಲ್ಲಿ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. ಅಲ್ಲಿ ಪಳಗಿ ಹೊರಬಂದವರು 2013ರಲ್ಲಿ ಮೂನ್‌ಫ್ರಾಗ್ ಲ್ಯಾಬ್ಸ್ ಕಟ್ಟಿ, ‘ತೀನ್ ಪತ್ತಿ ಗೋಲ್ಡ್’ ಎಂಬ ಸ್ವಂತ ಆಟವನ್ನು ಮೊಬೈಲ್‌ಗೆ ತಂದರು. 2021ರಲ್ಲಿ ಸ್ವೀಡನ್ನಿನ ಸ್ಟಿಲ್‌ಫ್ರಂಟ್ ಅದನ್ನು ಕೊಂಡುಕೊಂಡಾಗ ಹೆಸರು ಅಳಿಯಲಿಲ್ಲ. ಕೊಳ್ಳುವವರಿಗೆ ಬೇಕಿದ್ದದ್ದು ಆ ಆಟವೇ ಆದ್ದರಿಂದ ಅಳಿಸುವ ಅಗತ್ಯ ಬರಲಿಲ್ಲ. ಧ್ರುವದ ಕಲಾಕೌಶಲ ಮೂನ್‌ಫ್ರಾಗ್‌ಗಿಂತ ಕಡಿಮೆಯದೆಂದು ಇದರ ಅರ್ಥವಲ್ಲ. ಇಸ್ಪೀಟಿನ ಆಟಕ್ಕಿಂತ ‘ಫೋರ್ಜಾ’ದ ಕಾರು ಕಟ್ಟುವುದು ನೂರು ಪಾಲು ಕಷ್ಟ.

ಅನಿಮೇಷನ್ ಮತ್ತು ಗೇಮಿಂಗ್‌ಗೆ ಪ್ರತ್ಯೇಕ ನೀತಿಯನ್ನು 2012ರಲ್ಲೇ ರೂಪಿಸಿದ ರಾಜ್ಯ ಕರ್ನಾಟಕ. 2024ರಲ್ಲಿ ಅದರ ಪರಿಷ್ಕೃತ ರೂಪವೂ ಬಂದಿದೆ. ಇಂತಹ ನೀತಿಗಳ ಯಶಸ್ಸನ್ನು ಅಳೆಯುವಾಗ ಉದ್ಯೋಗಗಳ ಸಂಖ್ಯೆ ಎಣಿಸುವುದೇ ರೂಢಿ. ಇಲ್ಲಿಯ ಸ್ಟುಡಿಯೋಗಳ ಕೈಯಲ್ಲಿ ಎಷ್ಟು ಆಟಗಳ ಹಕ್ಕು ಇದೆ ಎಂದೂ ಎಣಿಸತೊಡಗಿದರೆ ಚಿತ್ರ ಬೇರೆಯಾದೀತು. ಕುಶಾಲನಗರದ ಎಂಜಿನಿಯರಿಂಗ್ ಕಾಲೇಜಿನಿಂದ ಹೊರಬಿದ್ದು ಬೆಂಗಳೂರಿನ ಬಸ್ಸು ಹತ್ತುವ ಯುವಕ ಯುವತಿಯರಿಗೂ ಇದು ಸಂಬಂಧಿಸಿದ ಲೆಕ್ಕವೇ.

ಸದ್ಯಕ್ಕೆ ಧ್ರುವದ ನೆನಪು ಉಳಿದಿರುವುದು ಹಳೆಯ ಆಟಗಳ ಕೊನೆಯಲ್ಲಿ ತೆರೆಯ ಮೇಲೆ ಸರಿದುಹೋಗುವ ನಾಮಾವಳಿಗಳಲ್ಲಿ. ಹೊರಗುತ್ತಿಗೆ ಸಂಸ್ಥೆಗಳ ಸರದಿ ಬರುವುದು ಮುಖ್ಯ ತಂಡದ ಪಟ್ಟಿ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಬಹುತೇಕರು ಗುಂಡಿ ಒತ್ತಿ ಮುಂದೆ ಹೋಗಿರುತ್ತಾರೆ.