ಬೋರಿನ ನೀರಲ್ಲಿ ಫ್ಲೋರೈಡ್ ಎಷ್ಟಿದೆ? ನಾಲಿಗೆಗೆ ಗೊತ್ತಾಗಲ್ಲ, ಪರೀಕ್ಷೆಗೆ ಗೊತ್ತಾಗುತ್ತೆ

ಇವತ್ತಿನ ಸಂಚಿಕೆಯಲ್ಲಿ ಕುಡಿಯೋ ನೀರಿನ ಪರೀಕ್ಷೆ ಬಗ್ಗೆ ಮಾತಾಡ್ತೀನಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ನೀರನ್ನ ನಾವು ಎರಡೇ ಮಾತಲ್ಲಿ ಅಳೀತೀವಿ: ಸಿಹಿ ನೀರು, ಸವಳು ನೀರು. ನಾಲಿಗೆ ಉಪ್ಪಿನಂಶ ಹೇಳುತ್ತೆ. ಫ್ಲೋರೈಡ್ ಹೇಳಲ್ಲ. ಅದಕ್ಕೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ.

ಇದು ಬರೋದು ಕಲ್ಲಿನಿಂದ. ನಮ್ಮ ನೆಲದಡಿಯ ಗ್ರಾನೈಟ್ ಜಾತಿಯ ಬಂಡೆಗಳಲ್ಲಿ ಫ್ಲೋರೈಡ್ ಇರೋ ಖನಿಜಗಳಿವೆ. ಆಳದ ನೀರು ಬಂಡೆ ಸಂದಿಯಲ್ಲಿ ಬಹುಕಾಲ ನಿಂತಷ್ಟೂ ಅದು ಕರಗುತ್ತೆ. ನೀರಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ರೆ ಇನ್ನೂ ಜಾಸ್ತಿ ಕರಗುತ್ತೆ. ಹಾಗಾಗಿ ಸೋಪು ಚೆನ್ನಾಗಿ ನೊರೆ ಬಂತು ಅಂದ ಮಾತ್ರಕ್ಕೆ ನೀರು ಒಳ್ಳೇದು ಅಂತಲ್ಲ.

ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ. ಬೇರೆ ನೀರೇ ಇಲ್ಲದಿದ್ರೆ 1.5ರವರೆಗೆ. ಅದಕ್ಕಿಂತ ಹೆಚ್ಚಿನ ನೀರನ್ನ ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತೆ. ಪ್ರಮಾಣ ತೀರಾ ಹೆಚ್ಚಿದ್ರೆ ದೊಡ್ಡವರ ಮೂಳೆ, ಕೀಲು ಬಿಗೀತವೆ. ಹಲ್ಲಿನ ಆ ಕಲೆ ಉಜ್ಜಿದ್ರೆ ಹೋಗಲ್ಲ.

ಪರೀಕ್ಷೆ ಹೇಗೆ? ಬೋರನ್ನ ಕೆಲವು ನಿಮಿಷ ಓಡಿಸಿ. ಪ್ಲಾಸ್ಟಿಕ್ ಬಾಟಲಿಯನ್ನ ಅದೇ ನೀರಲ್ಲಿ ಮೂರು ಸಲ ತೊಳೆದು ತುಂಬಿಸಿ. ಜಲಜೀವನ್ ಮಿಷನ್‌ನಡಿ ಹಳ್ಳಿಗೆ ಐದು ಜನ ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸೋ ತರಬೇತಿ ಕೊಡೋ ವ್ಯವಸ್ಥೆ ಇದೆ. ಗ್ರಾಮ ಪಂಚಾಯ್ತಿಯಲ್ಲಿ ಕೇಳಿ. ಸಾಮಾನ್ಯ ಕಿಟ್‌ನಲ್ಲಿ ಔಷಧಿ ಹಾಕಿದಾಗ ಗುಲಾಬಿ ಬಣ್ಣ ಹಳದಿ ಕಡೆ ತಿರುಗಿದಷ್ಟೂ ಫ್ಲೋರೈಡ್ ಜಾಸ್ತಿ ಅಂತ ಅರ್ಥ. ಬಣ್ಣದ ಪಟ್ಟಿ ಜೊತೆ ಹೋಲಿಸಿ ನೋಡಬೇಕು. ಅನುಮಾನ ಬಂದ್ರೆ ಪ್ರಯೋಗಾಲಯಕ್ಕೆ ಕಳಿಸಿ.

ಇಲ್ಲಿ ಮೂರು ತಪ್ಪು ತಿಳುವಳಿಕೆ ಇವೆ. ಒಂದು, ಕಾಯಿಸಿದ್ರೆ ಸಾಕು ಅನ್ನೋದು. ಕಾಯಿಸಿದ್ರೆ ರೋಗಾಣು ಸಾಯುತ್ತೆ, ಆದ್ರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತೆ. ಎರಡು, ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದೀವಿ ಅನ್ನೋದು. ಅದೂ ರೋಗಾಣುವಿಗೇ. ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, ನಿಜ. ಫ್ಲೋರೈಡ್ ಮಾತ್ರ ಹಾಗೇ ಇರುತ್ತೆ. ಮೂರು, ಟಿಡಿಎಸ್ ಮೀಟರ್ ಕಡಿಮೆ ತೋರಿಸ್ತು ಅನ್ನೋದು. ಆ ಮೀಟರ್ ಒಟ್ಟು ಲವಣದ ಅಂದಾಜು ಕೊಡುತ್ತೆ, ಯಾವ ಲವಣ ಅಂತ ಹೇಳಲ್ಲ.

ಶುದ್ಧ ನೀರಿನ ಘಟಕದ ಆರ್‌ಒ ಫ್ಲೋರೈಡ್ ತೆಗೆಯುತ್ತೆ, ಮೆಂಬರೇನ್ ಸರಿ ಇದ್ರೆ. ಹಾಗಾಗಿ ಬೋರಿನ ನೀರಷ್ಟೇ ಅಲ್ಲ, ಘಟಕದಿಂದ ಬರೋ ನೀರನ್ನೂ ಪರೀಕ್ಷಿಸಿ. ಕುಡಿಯೋಕೆ ಮಾತ್ರ ಅಲ್ಲ, ಬೇಳೆ ಬೇಯಿಸೋಕೆ, ಚಹಾಕ್ಕೆ, ಮುದ್ದೆಗೂ ಅದನ್ನೇ ಬಳಸಿ. ರಾಸಾಯನಿಕ ಪರೀಕ್ಷೆ ವರ್ಷಕ್ಕೊಮ್ಮೆಯಾದ್ರೂ ಆಗ್ಲಿ. ಮುಂದಿನ ಗ್ರಾಮಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: ನಮ್ಮೂರ ನೀರಿನ ವರದಿ ಎಲ್ಲಿ?