ಬೆಲೆ ಕಟ್ಟಲಾಗದ ಬಂಡವಾಳ

ಮಲ್ಪೆಯಿಂದ ದೋಣಿಯೇರಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ಕುಟುಂಬಗಳು ಮೊದಲು ಅರಸುವುದು ತೆಂಗಿನ ನೆರಳನ್ನು. ನಮ್ಮನ್ನು ಬಂಡೆಗಳತ್ತ ಎಳೆದೊಯ್ದವಳು ಮೊಮ್ಮಗಳು. 'ಈ ಕಂಬಗಳನ್ನು ಕೆತ್ತಿದವರು ಯಾರು?' ಎಂಬುದು ಅವಳ ಪ್ರಶ್ನೆ. ಕೆತ್ತಿದವರಿಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿದು ಕುಗ್ಗುವಾಗ ಬಿರಿದು, ಬಹುಭುಜಾಕೃತಿಯ ಸ್ತಂಭಗಳಾದವು. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. 1498ರಲ್ಲಿ ವಾಸ್ಕೊ ಡ ಗಾಮ ಇಲ್ಲಿ ಇಳಿದನೆಂಬ ಐತಿಹ್ಯವನ್ನು ಹೇಳುವವರು ಬಹಳ. ಈ ಹಿರಿಯ ಕಥೆಯನ್ನು ಹೇಳುವವರು ವಿರಳ.

ಸವೆದ ಯಂತ್ರವನ್ನು ಸವಕಳಿ ನಿಧಿಯಿಂದ ಬದಲಿಸಬಹುದು. ಮುರಿದ ಶಿಲಾಸ್ತಂಭಕ್ಕೆ ಬದಲಿಯಿಲ್ಲ. ಪ್ರವಾಸೋದ್ಯಮವು ಟಿಕೆಟ್ಟಿನ ಹಣವನ್ನು ಆದಾಯವೆಂದು ಬರೆದುಕೊಳ್ಳುವಾಗ, ಈ ಮೂಲ ಬಂಡವಾಳ ಕರಗದಂತೆ ಕಾಯುವ ವೆಚ್ಚವನ್ನೂ ಅದೇ ಪುಟದಲ್ಲಿ ಬರೆಯಬೇಕು. ದಡದಲ್ಲಿ ಬಿಟ್ಟುಬರುವ ಒಂದೊಂದು ಪ್ಲಾಸ್ಟಿಕ್ ಬಾಟಲಿಯೂ ನಾವು ಮುಂದಿನ ಪೀಳಿಗೆಯ ಹೆಸರಿನಲ್ಲಿ ಮಾಡುವ ಸಾಲವೇ ಸರಿ.